ಹೂವಿನ ವರ್ಷ, ಮರದ ವರ್ಷ

ಜಪಾನ್ ದೇಶದ ಹಳೆಯ ಚಾಂದ್ರಮಾನ ಪಂಚಾಂಗದಲ್ಲಿ ಐದನೆಯ ತಿಂಗಳಿಗೆ ‘ಸತ್ಸುಕಿ’ ಎಂದು ಹೆಸರು. ಈಗಿನ ಲೆಕ್ಕದಲ್ಲಿ ಅದು ಹೆಚ್ಚು ಕಡಿಮೆ ಜೂನ್ ತಿಂಗಳಿಗೆ ಸರಿಹೋಗುತ್ತದೆ. ಉಳಿದ ಅಜೇಲಿಯಾಗಳೆಲ್ಲ ವಸಂತದಲ್ಲಿಯೇ ಹೂಬಿಟ್ಟು ಮುಗಿಸಿದ ಮೇಲೆ, ಮೇ ತಿಂಗಳ ಕೊನೆಯಿಂದ ಜೂನ್‌ವರೆಗೆ ಸಾವಕಾಶವಾಗಿ ಅರಳುವ ಒಂದು ಜಾತಿಗೆ ಆ ತಿಂಗಳ ಹೆಸರೇ ನಿಂತುಬಿಟ್ಟಿದೆ. ಸಸ್ಯಶಾಸ್ತ್ರಜ್ಞರು ಇದನ್ನು ರೋಡೋಡೆಂಡ್ರಾನ್ ಇಂಡಿಕಮ್ ಎನ್ನುತ್ತಾರೆ. ‘ಇಂಡಿಕಮ್’ ಎಂಬುದನ್ನು ಕೇಳಿ ಇದು ಭರತಖಂಡದ ಗಿಡವೆಂದು ವಾಚಕರು ಭಾವಿಸಬಾರದು. 1753ರಲ್ಲಿ ಲಿನೇಯಸನು ಇದಕ್ಕೆ ಅಜೇಲಿಯಾ ಇಂಡಿಕಾ ಎಂದು ನಾಮಕರಣ ಮಾಡಿದನು. ಪೂರ್ವದಿಂದ ಹಡಗೇರಿ ಬಂದದ್ದೆಲ್ಲವೂ ಆ ಕಾಲದ ಯುರೋಪಿನವರಿಗೆ ‘ಇಂಡೀಸ್’ನದೇ ಆಗಿತ್ತು! ಇದರ ನಿಜವಾದ ತವರು ಜಪಾನಿನ ತೊರೆಗಳ ಅಂಚಿನ ಬಂಡೆಗಳು. ನೀಲಗಿರಿಯ ನೆತ್ತಿಯ ಮೇಲೆ ಕೆಂಪು ಹೂಬಿಡುವ ರೋಡೋಡೆಂಡ್ರಾನ್ ಮರವೂ, ಹಿಮಾಲಯದವರು ‘ಬುರಾಂಶ್’ ಎಂದು ಕರೆದು ಶರಬತ್ತು ಮಾಡುವ ಹೂವಿನ ಮರವೂ ಇದರ ದಾಯಾದಿಗಳೇ ಸರಿ.

ಅಂಗಳದ ಗಿಡಗಳ ಈ ಅಂಕಣದಲ್ಲಿ ದಾಸವಾಳ, ಕಣಗಿಲೆ, ಮಲ್ಲಿಗೆಗಳ ಮಾತೇ ಹೆಚ್ಚು. ಈ ಬಾರಿ ದೂರದ ಗಿಡವೊಂದನ್ನು ಎತ್ತಿಕೊಂಡದ್ದಕ್ಕೆ ಕಾರಣ ಒಂದು ಪತ್ರ. ಪತ್ರ ಬರೆದವರು ಜಪಾನಿನ ಸೈತಾಮಾ ಪ್ರಾಂತದಲ್ಲಿ ಗಂಡ ಹಾಗೂ ಎಳೆಯ ಮಗುವಿನೊಡನೆ ನೆಲೆಸಿರುವ ಧಾರವಾಡದ ಕಡೆಯ ಸೋದರಿ. ನೆರೆಮನೆಯ ವೃದ್ಧರೊಬ್ಬರನ್ನು ಆಕೆ ಪತ್ರದುದ್ದಕ್ಕೂ ‘ಅಜ್ಜನವರು’ ಎಂದೇ ಕರೆದಿದ್ದಾರೆ. ಅಜ್ಜನವರು ಕಳೆದ ಶರತ್ಕಾಲದಲ್ಲಿ ಮನೆಯನ್ನು ಬಿಟ್ಟು ವೃದ್ಧಾಶ್ರಮಕ್ಕೆ ಹೋಗುವಾಗ, ನಲವತ್ತು ವರ್ಷ ತಾವು ಸಾಕಿದ ಮೊಳದೆತ್ತರದ ಸತ್ಸುಕಿ ಬೋನ್ಸಾಯ್ ಒಂದನ್ನು ಈಕೆಯ ಕೈಗೆ ಕೊಟ್ಟು, ‘ಜೂನ್‌ನಲ್ಲಿ ಹೂ ನೋಡಲು ಬರುತ್ತೇನೆ’ ಎಂದಿದ್ದರಂತೆ. ಚಳಿಗಾಲದ ಹೊತ್ತಿಗೆ ಎಲೆಗಳು ಬಿಳಿಚಿದವು, ಬಹಳಷ್ಟು ಉದುರಿದವು; ನೀರು ಹಾಕಿದರೆ ಮಣ್ಣಿನ ಮೇಲೆಯೇ ನಿಲ್ಲುತ್ತದೆ. ಆದರೂ ತುದಿತುದಿಗೆ ಮೊಗ್ಗುಗಳಿವೆ. ‘ಅಣ್ಣನವರೆ, ಮರವನ್ನು ಉಳಿಸಿಕೊಳ್ಳುವ ಬಗೆ ಹೇಗೆ? ಅಜ್ಜನವರಿಗೆ ಹೂ ತೋರಿಸುವ ಬಗೆ ಹೇಗೆ?’ ಎಂದು ಎರಡು ಪ್ರಶ್ನೆಗಳನ್ನು ಒಂದೇ ಸಾಲಿನಲ್ಲಿ ಕೇಳಿದ್ದಾರೆ. ಉತ್ತರವನ್ನು ಅವರಿಗೆ ಆಗಲೇ ಅಂಚೆಯಲ್ಲಿ ಕಳುಹಿಸಿದ್ದೇನೆ. ಕುಂಡದಲ್ಲಿ ಅಜೇಲಿಯಾ ಸಾಕುವ ಇತರ ಮನೆಗಳಿಗೂ ಉಪಯುಕ್ತವಾದೀತೆಂದು ಇಲ್ಲಿ ವಿಸ್ತರಿಸಿದ್ದೇನೆ.

ಮೊದಲು ಉದುರಿದ ಎಲೆಗಳ ವಿಚಾರ. ಸತ್ಸುಕಿಗೆ ಎರಡು ಬಗೆಯ ಎಲೆಗಳುಂಟು. ವಸಂತದಲ್ಲಿ ಮೂಡಿದವು ಶರತ್ಕಾಲದಲ್ಲಿ ಹಳದಿಯಾಗಿ ಬೀಳುತ್ತವೆ. ಬೇಸಗೆಯಲ್ಲಿ ಮೂಡಿದ ಚಿಕ್ಕ ಎಲೆಗಳು ತುದಿಯಲ್ಲಿ ಗೊಂಚಲಾಗಿ ಉಳಿದು ಚಳಿಯನ್ನು ಕಳೆಯುತ್ತವೆ. ಆದ್ದರಿಂದ ಕೆಲವು ಎಲೆ ಬಿದ್ದವೆಂದು ಹೆದರಬೇಕಾಗಿಲ್ಲ. ಆದರೆ ತುದಿಯ ಎಲೆಗಳೇ ಬಿಳಿಚಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಬೇರಿನ ಸಂಕಟ. ಬೇರು ಕಬ್ಬಿಣದ ಅಂಶವನ್ನು ಹೀರಲಾರದೆ ಹೋಗಿದೆ ಎಂದು ತಿಳಿಯಬೇಕು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಸುಣ್ಣದಂಶವಿರುವ ಗಡಸು ನೀರು. ಇನ್ನೊಂದು, ಗಾಳಿಯಾಡದ ಮಣ್ಣಿನಲ್ಲಿ ಬೇರು ಕೊಳೆತಿರುವುದು. ಜಪಾನಿನ ನಲ್ಲಿನೀರು ಬಹುಮಟ್ಟಿಗೆ ಮೆದುವಾದದ್ದು. ಮೇಲಾಗಿ ಈ ಕುಂಡದಲ್ಲಿ ನೀರು ಇಂಗುತ್ತಿಲ್ಲ. ಆದುದರಿಂದ ದೋಷ ಮಣ್ಣಿನಲ್ಲಿದೆ ಎನ್ನಲು ಸಂದೇಹವಿಲ್ಲ.

ಆ ಮಣ್ಣಿನ ಕಥೆಯೇ ಸ್ವಾರಸ್ಯವಾದದ್ದು. ತೋಕಿಯೋ ನಗರದ ಉತ್ತರಕ್ಕೆ ತೋಚಿಗಿ ಪ್ರಾಂತದಲ್ಲಿ ಕನುಮಾ ಎಂಬ ಊರಿದೆ. ಸುಮಾರು 45 ಸಾವಿರ ವರ್ಷಗಳ ಹಿಂದೆ ಅಕಾಗಿ ಎಂಬ ಜ್ವಾಲಾಮುಖಿ ಸಿಡಿದಾಗ ಹಾರಿಬಂದ ಹಗುರವಾದ ನೊರೆಗಲ್ಲು ಆ ಸೀಮೆಯಲ್ಲಿ ಪದರವಾಗಿ ಕುಳಿತಿತು. ಅದನ್ನೇ ಅಗೆದು ತೆಗೆದು ಒಣಗಿಸಿ, ಜರಡಿಯಾಡಿಸಿ ‘ಕನುಮಾ ಮಣ್ಣು’ ಎಂದು ಮಾರುತ್ತಾರೆ. ಊರಿನವರು ವರ್ಷವರ್ಷವೂ ಸತ್ಸುಕಿ ಹಬ್ಬವನ್ನೇ ಆಚರಿಸುವಷ್ಟು ಈ ಮಣ್ಣಿಗೂ ಆ ಗಿಡಕ್ಕೂ ನಂಟು. ಈ ಮಣ್ಣು ಆಮ್ಲಗುಣವುಳ್ಳದ್ದು. ಸತ್ಸುಕಿಗೆ ಬೇಕಾದದ್ದೂ ಅದೇ. ಪ್ರತಿಯೊಂದು ಕಾಳೂ ರಂಧ್ರಮಯವಾದ್ದರಿಂದ ತನ್ನೊಳಗೆ ನೀರನ್ನೂ, ಕಾಳು ಕಾಳುಗಳ ನಡುವೆ ಗಾಳಿಯನ್ನೂ ಇಟ್ಟುಕೊಳ್ಳುತ್ತದೆ. ತೊರೆಯಂಚಿನ ಬಂಡೆಯಲ್ಲಿ ಬೆಳೆದ ಗಿಡದ ಕೂದಲಿನಂತಹ ಸಣ್ಣ ಬೇರಿಗೆ ಎರಡೂ ಬೇಕು. ಇನ್ನೂ ಒಂದು ಉಪಕಾರವನ್ನು ಈ ಮಣ್ಣು ಮಾಡುತ್ತದೆ: ಒದ್ದೆಯಾಗಿರುವಾಗ ಗಾಢ ಹಳದಿ, ಒಣಗಿದಾಗ ಬಿಳಿಚಿದ ಬಣ್ಣ. ನೀರು ಯಾವಾಗ ಹಾಕಬೇಕೆಂದು ಮಣ್ಣೇ ಹೇಳುತ್ತದೆ.

ಆದರೆ ಕನುಮಾ ಮಣ್ಣು ಮೃದು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನಾಲ್ಕಾರು ವರ್ಷ ನೀರು ಕುಡಿದು, ಹಿಮಕ್ಕೆ ಬಿರಿದು ಅದು ಕೆಸರಾಗುತ್ತದೆ. ಬೇರು ಅದರೊಳಗೆ ಚಾಪೆಯಂತೆ ಹೆಣೆದುಕೊಳ್ಳುತ್ತದೆ. ಅಜ್ಜನವರಿಗೆ ಕೊನೆಯ ಕೆಲವು ವರ್ಷ ಕುಂಡ ಎತ್ತುವ ಶಕ್ತಿ ಉಳಿದಿರಲಿಲ್ಲವೆಂದು ಪತ್ರದಲ್ಲಿಯೇ ಇದೆ. ಹಾಗಾಗಿ ತಂಗಿ, ನಿಮ್ಮ ಕೈಗುಣ ಕೆಟ್ಟದ್ದೆಂದು ನೊಂದುಕೊಳ್ಳಬೇಡಿರಿ. ಆ ಸಂಕಟವು ನಿಮ್ಮ ಮನೆಗೆ ಬರುವ ಮೊದಲೇ ಕುಂಡದೊಳಗಿತ್ತು.

ಆದುದರಿಂದ ಮಣ್ಣು ಬದಲಿಸಲೇಬೇಕು. ಹೂಬಿಡುವ ಆರೋಗ್ಯವಂತ ಮರವಾಗಿದ್ದರೆ ಹೂ ಮುಗಿದೊಡನೆ, ಜೂನ್ ನಡುವಿನಲ್ಲಿ ಅಲ್ಲಿಯ ಮಳೆಗಾಲ ಆರಂಭವಾಗುವ ಹೊತ್ತಿನಲ್ಲಿ ಈ ಕೆಲಸ ಮಾಡುವುದು ವಾಡಿಕೆ. ಈ ಮರ ಅಲ್ಲಿಯವರೆಗೆ ಕಾಯಲಾರದು. ಮಾರ್ಚಿಯಲ್ಲಿಯೇ, ಚಿಗುರು ಅಲುಗುವ ಮೊದಲು ಮಾಡತಕ್ಕದ್ದು. ಕುಂಡದಿಂದ ಬೇರಿನ ಮುದ್ದೆಯನ್ನು ಎತ್ತಿ, ಊಟದ ಕಡ್ಡಿಯಂತಹ ಮರದ ಕಡ್ಡಿಯಿಂದ ಹೊರ ಅಂಚನ್ನೂ ತಳವನ್ನೂ ಮೆಲ್ಲಗೆ ಬಿಡಿಸಬೇಕು. ಕಬ್ಬಿಣದ ಕೊಕ್ಕೆ ಬೇಡ; ಈ ಬೇರು ನೂಲಿನಂತೆ ಹರಿಯುತ್ತದೆ. ಕಪ್ಪಾಗಿ ಮೆತ್ತಗಾದ ಬೇರನ್ನು ಹರಿತವಾದ ಕತ್ತರಿಯಿಂದ ತೆಗೆದು, ಕೆಸರನ್ನು ನೀರಿನ ಎಳೆಯಿಂದ ತೊಳೆಯಬಹುದು. ಆದರೆ ಸೊರಗಿದ ಮರದ ನಡುವಿನ ಮುದ್ದೆಯನ್ನೆಲ್ಲ ಒಂದೇ ಸಲಕ್ಕೆ ಬಿಡಿಸಿಬಿಡುವುದು ಸಾಹಸದ ಮಾತು. ಈ ಸಲ ಅಂಚು ಹಾಗೂ ತಳ. ಎರಡು ವರ್ಷದ ಮೇಲೆ ಒಳಭಾಗದಲ್ಲಿ ಒಂದೊಂದು ಹೋಳು.

ಕುಂಡದ ತೂತುಗಳಿಗೆ ಬಲೆಯಿಟ್ಟು, ತಳದಲ್ಲಿ ದಪ್ಪ ಕಾಳು, ಮೇಲೆ ಮಧ್ಯಮ ಕಾಳು ಹರಡಿ ಮರವನ್ನು ಕೂರಿಸಬೇಕು. ಮಣ್ಣಿನ ಪುಡಿಯನ್ನು ಮೊದಲೇ ಜರಡಿ ಹಿಡಿದು ಚೆಲ್ಲಿರಬೇಕೆಂದು ಬೇರೆ ಹೇಳಬೇಕಿಲ್ಲ. ತಳದ ತೂತಿನಿಂದ ಮೇಲೆ ತಂದ ತಂತಿಯಿಂದ ಬೇರಿನ ಮುದ್ದೆಯನ್ನು ಕುಂಡಕ್ಕೆ ಬಿಗಿಯುವುದನ್ನು ಹೊಸಬರು ಮರೆಯುವುದುಂಟು. ಗಾಳಿಗೆ ಮರ ಅಲುಗಾಡಿದರೆ ಹೊಸದಾಗಿ ಮೂಡಿದ ಬಿಳಿ ಬೇರು ಅಲ್ಲಿಯೇ ಮುರಿದುಹೋಗುತ್ತದೆ. ಕಡ್ಡಿಯಿಂದ ಮಣ್ಣನ್ನು ಬೇರಿನ ಸಂದಿಗೆ ಇಳಿಸಿ, ಸಣ್ಣದಾಗಿ ಕತ್ತರಿಸಿದ ಒಣಪಾಚಿಯನ್ನು ಮೇಲೆ ತೆಳ್ಳಗೆ ಹೊದಿಸಿ, ತಳದಿಂದ ತಿಳಿನೀರು ಬರುವವರೆಗೆ ನೀರೆರೆಯುವುದು. ಬಳಿಕ ಎರಡು ಮೂರು ವಾರ ಗಾಳಿ ಹಾಗೂ ಚುರುಕು ಬಿಸಿಲಿನಿಂದ ದೂರ. ಒಂದು ತಿಂಗಳು ಗೊಬ್ಬರದ ಮಾತೆತ್ತಬಾರದು. ಆಮೇಲೆ ಅಲ್ಲಿಯವರು ಬಳಸುವುದು ಎಣ್ಣೆ ತೆಗೆದ ಹಿಂಡಿಯನ್ನೇ! ನಮ್ಮಲ್ಲಿ ಶೇಂಗಾ ಹಿಂಡಿ, ಬೇವಿನ ಹಿಂಡಿ ಹಾಕುವ ಮನೆಗಳಿಗೆ ಇದು ಹೊಸತಲ್ಲ.

ಇನ್ನು ಮೊಗ್ಗುಗಳ ಪ್ರಶ್ನೆ. ಇದೇ ಕಠಿಣವಾದದ್ದು.

ಸತ್ಸುಕಿಯ ಹೂವು ಮರದ ಗಾತ್ರಕ್ಕೆ ಮೀರಿ ದೊಡ್ಡದು. ಕೊಂಬೆ ಕಾಣದಂತೆ ಮರವನ್ನು ಮುಚ್ಚಿ ಅದು ಅರಳುತ್ತದೆ. ಆ ವೈಭವಕ್ಕೆ ಬೇಕಾದ ಸತ್ವವೆಲ್ಲವೂ ಹಿಂದಿನ ಬೇಸಗೆಯಲ್ಲಿ ಎಲೆಗಳು ಕೂಡಿಟ್ಟ ಗಂಟಿನಿಂದ ಬರತಕ್ಕದ್ದು. ಗಂಟು ಕರಗಿದ ಮರವೂ ಹೂಬಿಡುತ್ತದೆ ಎಂಬುದೇ ಇಲ್ಲಿಯ ಅಪಾಯ. ಮೊಗ್ಗು ಹಿಂದಿನ ಬೇಸಗೆಯಲ್ಲಿಯೇ ಕಟ್ಟಿ ಮುಗಿದಿರುವುದರಿಂದ, ಈ ವರ್ಷ ಬೇರು ಸತ್ತಿದ್ದರೂ ಮೊಗ್ಗಿಗೆ ಅದರ ಅರಿವಿಲ್ಲ. ಅರಳಿದ ಮೇಲೆ ಹೊಸ ಚಿಗುರನ್ನು ಕಳುಹಿಸಲು ಕೊಂಬೆಯಲ್ಲಿ ಏನೂ ಉಳಿದಿರುವುದಿಲ್ಲ. ಮಳೆಗಾಲ ಕಳೆದು ಬಿಸಿಲು ಬಿದ್ದಾಗ ಒಂದೊಂದೇ ಕೊಂಬೆ ಒಣಗುತ್ತದೆ. ಆದುದರಿಂದಲೇ ಜಪಾನಿನ ಬೆಳೆಗಾರರು ಗಟ್ಟಿಮುಟ್ಟಾದ ಮರಕ್ಕೂ ಕೆಲವು ವರ್ಷಗಳಿಗೊಮ್ಮೆ ಹೂವನ್ನು ನಿಲ್ಲಿಸಿ ವಿಶ್ರಾಂತಿ ಕೊಡುತ್ತಾರೆ. ಕೊಂಬೆ ಬೆಳೆಸುವ, ರೂಪ ತಿದ್ದುವ ಕೆಲಸಗಳೆಲ್ಲ ಆ ವರ್ಷದಲ್ಲಿ ನಡೆಯುತ್ತವೆ. ಹೂವಿನ ವರ್ಷ ಬೇರೆ, ಮರದ ವರ್ಷ ಬೇರೆ.

ನಮ್ಮ ಮನೆಗಳಲ್ಲಿ ಮುಂಜಾನೆ ಪೂಜೆಗೆ ಹೂ ಎತ್ತುವ ರೂಢಿಯುಂಟಷ್ಟೆ. ಅರಳಿದ ಹೂವನ್ನು ಬಿಡಿಸಲು ಅಳುಕದ ಕೈ ಮೊಗ್ಗನ್ನು ಚಿವುಟಲು ಹಿಂದೆಗೆಯುತ್ತದೆ. ಈ ಸೋದರಿಯ ಯಜಮಾನರು, ‘ಅಷ್ಟು ದೂರದಿಂದ ನೋಡಲು ಬರುವ ಹಿರಿಯರಿಗೆ ಬೋಳು ಮರ ತೋರಿಸಿದರೆ ಅವರ ಮನಸ್ಸಿಗೆ ನೋವಾಗದೆ?’ ಎಂದರಂತೆ. ನೋವಾಗಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಲವತ್ತು ವರ್ಷ ಆ ಮರವನ್ನು ಕಾಪಾಡಿದವರಿಗೆ, ಬಿಳಿಚಿದ ಎಲೆಗಳ ಮೇಲೆ ತುಂಬಾ ಹೂಬಿಟ್ಟು ನಿಂತ ಮರವನ್ನು ಕಂಡೊಡನೆ ಅದರ ಕೊನೆ ಸಮೀಪಿಸಿದೆ ಎಂಬುದೂ ತಿಳಿಯದಿರಲಾರದು. ಹೊಸ ಕನುಮಾ ಮಣ್ಣು, ಚಿವುಟಿದ ಮೊಗ್ಗು, ಎಳೆಯ ಹಸಿರು ಚಿಗುರು ಕಂಡರೆ, ಮರ ಯಾರ ಕೈಯಲ್ಲಿದೆ ಎಂಬುದನ್ನು ಅವರು ಒಂದು ಮಾತಿಲ್ಲದೆ ಓದಿಕೊಳ್ಳುತ್ತಾರೆ. ಆದುದರಿಂದ ಮೊಗ್ಗುಗಳನ್ನು ತೆಗೆಯಿರಿ ಎಂದೇ ಬರೆದಿದ್ದೇನೆ.

ಪೂರ್ತಿಯಾಗಿ ಅಲ್ಲ. ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಬಲವಾದ ಕೊಂಬೆಯಲ್ಲಿ ಮೂರು ನಾಲ್ಕು ಮೊಗ್ಗನ್ನು ಉಳಿಸಬಹುದು. ಉಳಿದವುಗಳಲ್ಲಿ ದುಂಡಗೆ ಉಬ್ಬಿದ ಮೊಗ್ಗನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಬಾಗಿಸಿದರೆ ಸಾಕು, ಕಳಚಿಕೊಳ್ಳುತ್ತದೆ. ಅದರ ಬುಡದ ಸುತ್ತ ಇರುವ ಚಿಗುರಿನ ಕಣ್ಣುಗಳಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಮುಂದಿನ ಎಲೆಗಳೆಲ್ಲ ಅಲ್ಲಿಂದಲೇ ಬರತಕ್ಕವು. ಉಳಿಸಿದ ನಾಲ್ಕು ಅರಳಿದಾಗ ಕುಂಡವನ್ನೇ ಎತ್ತಿಕೊಂಡು ಅಜ್ಜನವರಿದ್ದಲ್ಲಿಗೆ ಒಂದು ಗಳಿಗೆ ಹೋಗಿಬರುವುದೂ ಆದೀತು. ಮೊಳದೆತ್ತರದ ಮರವನ್ನು ಇಬ್ಬರು ಎತ್ತಬಲ್ಲರು.

ಬಲವಾದ ಕೊಂಬೆ ಕೆಳಗೇ ಏಕೆ ಎಂದು ಕೆಲವರು ಕೇಳಿಯಾರು. ಮಾವು, ಆಲ, ಹುಣಸೆ ಮೊದಲಾದ ಮರಗಳನ್ನು ಕಂಡ ನಮಗೆ, ಮರದ ಸತ್ವ ನೆತ್ತಿಗೆ ಏರುತ್ತದೆ ಎಂಬುದೇ ಅಭ್ಯಾಸ. ನೆತ್ತಿಯನ್ನು ಕತ್ತರಿಸಿ ಕೆಳಗಿನ ಕೊಂಬೆಗಳನ್ನು ಉಳಿಸುವುದು ಬಹುತೇಕ ಬೋನ್ಸಾಯ್‌ಗಳ ನಿಯಮವೂ ಹೌದು. ಅಜೇಲಿಯಾದಲ್ಲಿ ಇದು ತಿರುಗುಮುರುಗು. ಇದು ಹುಟ್ಟಿನಿಂದ ಪೊದೆ. ಬುಡದಿಂದ ಹಿಳ್ಳೊಡೆದು ಹರಡುವುದು ಇದರ ಸ್ವಭಾವ. ಆದುದರಿಂದ ಕೆಳಗಿನ ಕೊಂಬೆಗಳನ್ನು ಗಟ್ಟಿಯಾಗಿ ಕತ್ತರಿಸಬೇಕು. ನೆತ್ತಿಯನ್ನು ಹಗುರವಾಗಿ ಮುಟ್ಟಿ ಎಲೆ ಹೆಚ್ಚು ಉಳಿಸಬೇಕು. ಬೇರೆ ಮರಗಳನ್ನು ಸಾಕಿ ಕೈಪಳಗಿದವರೇ ಇಲ್ಲಿ ನೆತ್ತಿಯನ್ನು ಕಳೆದುಕೊಳ್ಳುತ್ತಾರೆ. ಬುಡದಲ್ಲಿಯೂ ಕಾಂಡದ ಮೇಲೆಯೂ ಎದ್ದುಬರುವ ಹಿಳ್ಳುಗಳನ್ನು ಎಳೆಯದಿರುವಾಗಲೇ ಉಜ್ಜಿ ತೆಗೆಯುವುದು ವರ್ಷವಿಡೀ ಇರುವ ಕೆಲಸ. ಹಾಗೆಂದು ಈ ಹಿಳ್ಳೊಡೆಯುವ ಗುಣವನ್ನು ದೂರಬಾರದು. ಬೋಳು ಕಾಂಡದಿಂದಲೂ ಚಿಗುರಬಲ್ಲ ಗಿಡವಾದ್ದರಿಂದಲೇ ಸೊರಗಿದ ಸತ್ಸುಕಿಯನ್ನು ಮರಳಿ ಕಟ್ಟಬಹುದು.

ಆರೋಗ್ಯದ ವರ್ಷಗಳಲ್ಲಿ ಮಾಡಬೇಕಾದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೂವು ಅರಳಿರುವಾಗ ದಳದ ಮೇಲೆ ನೀರು ಬೀಳಬಾರದು. ದಳ ಕಲೆಗಟ್ಟಿ ಕೊಳೆಯುತ್ತದೆ. ಆದುದರಿಂದ ಮಾಡಿನ ಕೆಳಗಿಟ್ಟು ಮಣ್ಣಿಗೆ ಮಾತ್ರ ನೀರೆರೆಯುವುದು. ಹೂ ಬಾಡಿದೊಡನೆ ದಳವನ್ನಷ್ಟೇ ಕಿತ್ತರೆ ಸಾಲದು, ಬುಡದ ಕಾಯಿಕಟ್ಟುವ ಭಾಗವನ್ನೂ ತೆಗೆಯಬೇಕು. ಹೂ ಮುಗಿದೊಡನೆ, ಜೂನ್ ಕೊನೆಯೊಳಗೆ ಸವರುವ ಕೆಲಸ ಮುಗಿಯಬೇಕು. ಒಂದೊಂದು ತುದಿಯಲ್ಲಿ ನಾಲ್ಕೈದು ಚಿಗುರು ಚಕ್ರಾಕಾರವಾಗಿ ಏಳುತ್ತವೆ. ಎರಡನ್ನು ಉಳಿಸಿ ಮಿಕ್ಕದ್ದನ್ನು ತೆಗೆಯಬೇಕು. ಜುಲೈ ಕಳೆದ ಮೇಲೆ ಕತ್ತರಿ ಹಿಡಿದರೆ ಕತ್ತರಿಸಿದ್ದು ಮುಂದಿನ ವರ್ಷದ ಹೂವನ್ನೇ ಎಂದು ತಿಳಿಯತಕ್ಕದ್ದು. ಕೊಂಬೆಗೆ ತಂತಿ ಸುತ್ತುವವರು ಕವಲಿನ ಬಗ್ಗೆ ಎಚ್ಚರವಾಗಿರಬೇಕು. ಈ ಮರ ಪೆಡಸು, ಕವಲಿನಲ್ಲಿ ಥಟ್ಟನೆ ಸೀಳುತ್ತದೆ.

ಒಂದೇ ಮರದಲ್ಲಿ ಬಿಳಿ ಹೂ, ಕೆಂಪು ಗೀಟಿನ ಹೂ, ಪೂರ್ಣ ಕೆಂಪು ಹೂ ಮೂರೂ ಅರಳುವ ತಳಿಗಳು ಸತ್ಸುಕಿಯಲ್ಲಿ ಹೇರಳ. ಜಪಾನೀಯರಿಗೆ ಇದರ ಮೋಹ ಇಂದು ನಿನ್ನೆಯದಲ್ಲ. ಎದೋ ನಗರದ ಸೋಮೇಯಿ ಎಂಬಲ್ಲಿಯ ತೋಟಗಾರ ಇತೋ ಇಹೇ ಎಂಬುವನು 1692ರಲ್ಲಿ ‘ಕಿನ್ಶು ಮಕುರಾ’ ಎಂಬ ಸಚಿತ್ರ ಗ್ರಂಥವನ್ನು ಪ್ರಕಟಿಸಿ, ಅಜೇಲಿಯಾದ 300ಕ್ಕೂ ಹೆಚ್ಚು ತಳಿಗಳನ್ನು ವರ್ಣಿಸಿದ್ದನು. ಮಿಶ್ರವರ್ಣದ ಮರದಲ್ಲಿ ಪೂರ್ಣ ಕೆಂಪು ಹೂಬಿಡುವ ಕೊಂಬೆ ಬರಬರುತ್ತ ಉಳಿದವನ್ನು ಮೀರಿ ಬೆಳೆಯುತ್ತದೆ. ಕತ್ತರಿ ಹಿಡಿಯುವ ಹೊತ್ತಿಗೆ ಹೂವಿರುವುದಿಲ್ಲವಾದ್ದರಿಂದ, ಅರಳಿದಾಗಲೇ ಗೀಟಿನ ಹೂವಿನ ಕೊಂಬೆಗೆ ಒಂದು ನೂಲನ್ನು ಕಟ್ಟಿಡುವುದು ಒಳ್ಳೆಯದು.

ಗಿಡವನ್ನು ಕುಬ್ಜವಾಗಿಡುವುದು ಹಿಂಸೆಯಲ್ಲವೇ ಎಂದು ಪ್ರತಿಸಲವೂ ಕೇಳುವವರಿದ್ದಾರೆ. ಉಪವಾಸ ಕೆಡವಿ ಯಾವ ಬೋನ್ಸಾಯ್ ಮರವನ್ನೂ ಬೆಳೆಸಲಾಗದು. ಗೊಬ್ಬರ, ನೀರು, ಬಿಸಿಲು ಎಲ್ಲವನ್ನೂ ಕೊಟ್ಟು, ಕತ್ತರಿಯಿಂದ ಎತ್ತರವನ್ನು ತಡೆಯುವುದಷ್ಟೇ. ತುಳಸಿಯ ಕುಡಿ ಚಿವುಟುವವರು ಇದಕ್ಕೆ ಬೆಚ್ಚಬೇಕಾದದ್ದಿಲ್ಲ.

ಬೆಂಗಳೂರಿನ ನರ್ಸರಿಗಳಿಂದ ಅಜೇಲಿಯಾ ತಂದು ಸಾಕುವ ಮನೆಗಳಿಗೆ ಒಂದೆರಡು ಮಾತು. ಅಲ್ಲಿ ಶತ್ರು ನೀರೇ. ಕೊಳವೆಬಾವಿಯ ಗಡಸು ನೀರು ಕೆಲವೇ ತಿಂಗಳಲ್ಲಿ ಮಣ್ಣಿನ ಆಮ್ಲಗುಣವನ್ನು ಕಳೆದು ಎಲೆಯನ್ನು ಬಿಳಿಚಿಸುತ್ತದೆ. ಮಳೆನೀರನ್ನು ಹಿಡಿದಿಟ್ಟುಕೊಂಡು ಹಾಕಿರಿ. ಅಂಗಳದ ಕೆಂಪು ಮಣ್ಣನ್ನು ಕುಂಡಕ್ಕೆ ತುಂಬಬೇಡಿರಿ, ಅದು ಹೆಪ್ಪುಗಟ್ಟುತ್ತದೆ. ಒಮ್ಮೆ ಪೂರ್ತಿ ಒಣಗಿದ ಬೇರಿನ ಮುದ್ದೆ ಮೇಲಿನಿಂದ ಸುರಿದ ನೀರನ್ನು ಹೀರುವುದಿಲ್ಲ. ಕುಂಡವನ್ನು ಅಗಲ ಪಾತ್ರೆಯ ನೀರಿನಲ್ಲಿ ಅರ್ಧ ಗಂಟೆ ಇಳಿಸಿಟ್ಟು ನೆನೆಸಬೇಕು. ಎಲೆಯ ಮೇಲ್ಭಾಗ ಬೂದು ಚುಕ್ಕೆಗಟ್ಟಿದರೆ ಎಲೆಯನ್ನು ತಿರುಗಿಸಿ ನೋಡಿರಿ. ಕೆಳಗೆ ಕಪ್ಪು ಹಿಕ್ಕೆಯ ಚುಕ್ಕೆಗಳಿದ್ದರೆ ಅದು ಜಾಲರಿಯಂತಹ ರೆಕ್ಕೆಯ ಸಣ್ಣ ತಿಗಣೆಯ ಕೆಲಸ. ನೀರನ್ನು ಎಲೆಯ ತಳಕ್ಕೆ ಜೋರಾಗಿ ಚಿಮ್ಮಿಸಿ ತೊಳೆಯುವುದೇ ಮೊದಲ ಚಿಕಿತ್ಸೆ.

ಎಳೆಯ ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು: ಅಜೇಲಿಯಾದ ಎಲೆ, ಹೂವು, ಮಕರಂದ ಎಲ್ಲದರಲ್ಲಿಯೂ ಗ್ರಯಾನೋಟಾಕ್ಸಿನ್ ಎಂಬ ವಿಷವಿದೆ. ಕ್ರಿಸ್ತಪೂರ್ವ 401ರಲ್ಲಿ ಕಪ್ಪು ಸಮುದ್ರದ ತೀರದಲ್ಲಿ ಗ್ರೀಕ್ ಸೈನಿಕರು ಜೇನು ತಿಂದು ಪ್ರಜ್ಞೆತಪ್ಪಿ ಉರುಳಿದರೆಂದು ಕ್ಸೆನೋಫನ್ ಬರೆದಿದ್ದಾನೆ. ಇದೇ ಕುಲದ ಗಿಡಗಳ ಮಕರಂದದ ಜೇನು ಅದು. ಹಿಮಾಲಯದ ಶರಬತ್ತಿನ ಮಾತನ್ನು ಮೇಲೆ ಓದಿ ಯಾರೂ ಕುಂಡದ ಅಜೇಲಿಯಾ ಹೂವನ್ನು ಬಾಯಿಗೆ ಹಾಕದಿರಲಿ. ಮಗುವಿನ ಕೈಗೂ, ದನಕರುಗಳ ಬಾಯಿಗೂ ಎಟುಕದ ಎತ್ತರದಲ್ಲಿ ಕುಂಡವಿರಲಿ.

ಕಡೆಯದಾಗಿ, ಕುಂಡದ ಮೇಲೆ ಬೆಳೆದ ಹಸಿರು ಪಾಚಿಯನ್ನು ಇಡಬೇಕೋ ತೆಗೆಯಬೇಕೋ ಎಂದು ಸೋದರಿ ಕೇಳಿದ್ದರು. ನೋಟಕ್ಕೆ ಚೆಂದವೇನೋ ಹೌದು, ಆದರೆ ಅದು ಮಣ್ಣಿನ ಬಣ್ಣವನ್ನು ಮುಚ್ಚಿ ನೀರಿನ ಸೂಚನೆಯನ್ನು ಕಾಣಗೊಡುವುದಿಲ್ಲ. ಮರ ಚೇತರಿಸಿಕೊಳ್ಳುವವರೆಗೆ ಬೇಡ. ಕಾಂಡದ ಬುಡಕ್ಕೆ ಹತ್ತಿದ ಪಾಚಿಯನ್ನಂತೂ ಎಂದಿಗೂ ಬಿಡಬಾರದು, ಸತ್ಸುಕಿಯ ತೊಗಟೆ ತೆಳು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ.